ಭಾರವೆಲ್ಲ ಒಂದು ಬಿಂದುವಿನಲ್ಲಿ



ಪರದೆಯ ಮೇಲೆ ಲೆಕ್ಕ ಹೇಳುವುದು ಕಷ್ಟದ ಕೆಲಸ. ಅಂಕಿಗಳು ಬಂದು ಮಾಯವಾಗುತ್ತವೆ. ನೋಡುವವರ ಕೈಯಲ್ಲಿ ಪೆನ್ಸಿಲು ಇರುವುದಿಲ್ಲ. ಅದಕ್ಕಾಗಿಯೇ ಈ ಭಾಷಣವನ್ನು ಇಲ್ಲಿ ಅಚ್ಚಿನಲ್ಲಿ ಕೊಡಲಾಗಿದೆ. ಓದುವಾಗ ಒಂದು ಹಾಳೆ, ಒಂದು ಪೆನ್ಸಿಲು, ಸಾಧ್ಯವಾದರೆ ಒಂದು ಕೋನಮಾಪಕ ಹತ್ತಿರ ಇಟ್ಟುಕೊಳ್ಳಿ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಇಂದಿನ ವಿಷಯ ದ್ರವ್ಯರಾಶಿ ಕೇಂದ್ರ. ಹೆಸರು ದೊಡ್ಡದು, ವಿಷಯ ದಿನನಿತ್ಯದ್ದು.

ಈ ಭಾಷಣ ಹುಟ್ಟಿದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಸುಮಾರು 35 ಕಿಲೋಮೀಟರ್ ಹೋದರೆ ಸಿಗುವ ಈ ಊರು ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು. ಆ ಬಾಳೆಯ ತೋಟಗಳನ್ನು ಚಿತ್ರೀಕರಿಸಲು ನಮ್ಮ ತಂಡ ಹೋಗಿತ್ತು. ಸಂಜೆ ಮರಳುವಾಗ ಜೀಪಿನಲ್ಲಿ ಸಾಮಾನು ತುಂಬುವ ಕೆಲಸ ನನ್ನ ಮೇಲ್ವಿಚಾರಣೆಯಲ್ಲಿ ನಡೆಯಿತು. ಒಳಗೆ ಕೂರಲು ಜಾಗ ಬೇಕೆಂದು ಬ್ಯಾಟರಿ ಪೆಟ್ಟಿಗೆ, ದೀಪದ ಕಬ್ಬಿಣದ ಕಾಲುಗಳು, ಮೇಲಿಂದ ಕೊಂಡ ನಾಲ್ಕು ಬಾಳೆಗೊನೆ, ಎಲ್ಲವನ್ನೂ ಮೇಲಿನ ಕ್ಯಾರಿಯರ್‌ಗೆ ಏರಿಸಿದೆ. ಚಾಲಕರು ಒಂದು ಸುತ್ತು ಬಂದು ನೋಡಿ ಹೇಳಿದರು:

"ಸಾಹೇಬ್ರ, ವಜ್ಜಿ ಸಾಮಾನು ಎಲ್ಲಾ ತೆಳಗ ಇಡ್ರಿ. ಮ್ಯಾಲ ಇಟ್ರ ತಿರುವಿನ್ಯಾಗ ಗಾಡಿ ತೂಗಾಡ್ತದ."

"ಎಷ್ಟು ತೂಗಾಡ್ತದ?" ಎಂದು ಕೇಳಿದೆ.

"ಎಷ್ಟಂತ ಹ್ಯಾಂಗ ಹೇಳಲ್ರಿ? ಬಿದ್ದಾಗ ಗೊತ್ತಾಗ್ತದ," ಎಂದರು.

ಸಾಮಾನು ಕೆಳಗಿಳಿಸಿದೆವು. ನಾನು ಮಂಡಿ ಮಡಚಿಕೊಂಡು ಕೂತು ಕಲಬುರಗಿ ಸೇರಿದೆ. ದಾರಿಯುದ್ದಕ್ಕೂ ಒಂದು ವಿಚಾರ ಕಾಡಿತು. ಬಿ.ಎಸ್ಸಿ. ತರಗತಿಯಲ್ಲಿ ದ್ರವ್ಯರಾಶಿ ಕೇಂದ್ರದ ಲೆಕ್ಕಗಳನ್ನು ಬಿಡಿಸಿ ಅಂಕ ಪಡೆದವನು ನಾನು. ಆದರೆ ನಾನು ಹತ್ತಿ ಕೂತ ಗಾಡಿಗೆ ಆ ಲೆಕ್ಕವನ್ನು ಒಮ್ಮೆಯೂ ಹಾಕಿ ನೋಡಿರಲಿಲ್ಲ. ಚಾಲಕರಿಗೆ ವಿಷಯ ಕೈಗೆ ಗೊತ್ತಿತ್ತು, ಅಂಕಿ ಗೊತ್ತಿರಲಿಲ್ಲ. ನನಗೆ ಅಂಕಿ ಗೊತ್ತಿತ್ತು, ವಿಷಯ ನೆನಪಿಗೆ ಬರಲಿಲ್ಲ. ಈ ಎರಡನ್ನೂ ಒಂದೆಡೆ ತರುವುದೇ ಇಂದಿನ ಪ್ರಯತ್ನ. ಎಷ್ಟು ತೂಗಾಡುತ್ತದೆ, ಎಲ್ಲಿಯವರೆಗೆ ತಡೆಯುತ್ತದೆ ಎಂಬುದನ್ನು ಬೀಳುವ ಮೊದಲೇ ಹೇಳಲು ಬರುತ್ತದೆ.

ಒಂದು ಕೋಲು, ಇಬ್ಬರು ಆಳು

ತೋಟದಿಂದ ರಸ್ತೆಗೆ ಗೊನೆ ಸಾಗಿಸುವುದನ್ನು ನೆನೆಸಿಕೊಳ್ಳಿ. ಒಂದು ಬಿದಿರುಕೋಲಿಗೆ ಗೊನೆ ಕಟ್ಟಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಡುತ್ತಾರೆ. ಇಬ್ಬರ ಹೆಗಲುಗಳ ನಡುವಿನ ದೂರ 150 ಸೆಂಟಿಮೀಟರ್, ಗೊನೆಯ ತೂಕ 20 ಕಿಲೋ ಎಂದಿಟ್ಟುಕೊಳ್ಳಿ. ಕೋಲಿನ ತೂಕವನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಗೊನೆ ಸರಿಯಾಗಿ ನಡುವೆ ಇದ್ದರೆ ತಲೆಗೆ 10 ಕಿಲೋ. ಮುಂದಿನವನಿಂದ 60 ಸೆಂ.ಮೀ. ದೂರದಲ್ಲಿ, ಅಂದರೆ ಹಿಂದಿನವನಿಂದ 90 ಸೆಂ.ಮೀ. ದೂರದಲ್ಲಿ ಕಟ್ಟಿದರೆ? ಹತ್ತಿರ ಇದ್ದವನಿಗೆ ಹೆಚ್ಚು ಭಾರ ಎಂಬುದು ಹೊತ್ತವರಿಗೆಲ್ಲ ಗೊತ್ತು. ಲೆಕ್ಕ ಹೇಳುವುದು ಇಷ್ಟು: ಮುಂದಿನವನಿಗೆ 12 ಕಿಲೋ, ಹಿಂದಿನವನಿಗೆ 8 ಕಿಲೋ. 12ನ್ನು 60ರಿಂದ ಗುಣಿಸಿದರೆ 720. 8ನ್ನು 90ರಿಂದ ಗುಣಿಸಿದರೂ 720. ಎರಡೂ ಸಮವಾದಲ್ಲಿಯೇ ಸಮತೋಲ. ಈ ಸನ್ನೆಯ ನಿಯಮವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಕ್ರಮವಾಗಿ ಸಾಧಿಸಿ ತೋರಿಸಿದ.

ಈಗ ಇದನ್ನೇ ತಿರುಗಿಸಿ ನೋಡೋಣ. ಅದೇ ಕೋಲಿನ ಒಂದು ತುದಿಗೆ 12 ಕಿಲೋ ಗೊನೆ, ಇನ್ನೊಂದು ತುದಿಗೆ 8 ಕಿಲೋ ಗೊನೆ ಕಟ್ಟಿ, ಒಬ್ಬನೇ ಹೊರಬೇಕಾಗಿದೆ. ಹೆಗಲನ್ನು ಎಲ್ಲಿ ಕೊಟ್ಟರೆ ಕೋಲು ಮಟ್ಟಸವಾಗಿ ನಿಲ್ಲುತ್ತದೆ? ಭಾರವಾದ ತುದಿಯಿಂದ ಅಳೆಯೋಣ. 12 ಕಿಲೋ ಇರುವುದು 0 ಸೆಂ.ಮೀ.ನಲ್ಲಿ, 8 ಕಿಲೋ ಇರುವುದು 150 ಸೆಂ.ಮೀ.ನಲ್ಲಿ. ಪ್ರತಿಯೊಂದು ರಾಶಿಯನ್ನೂ ಅದರ ದೂರದಿಂದ ಗುಣಿಸಿ ಕೂಡಿ: 12 × 0 ಎಂದರೆ 0, 8 × 150 ಎಂದರೆ 1,200. ಒಟ್ಟು 1,200. ಇದನ್ನು ಒಟ್ಟು ರಾಶಿ 20ರಿಂದ ಭಾಗಿಸಿ. ಬರುವುದು 60. ಭಾರವಾದ ತುದಿಯಿಂದ 60 ಸೆಂ.ಮೀ. ದೂರದಲ್ಲಿ ಹೆಗಲು ಕೊಡಬೇಕು. ಆ ಬಿಂದುವೇ ದ್ರವ್ಯರಾಶಿ ಕೇಂದ್ರ.

ನಿಯಮ ಇಷ್ಟೇ. ಪ್ರತಿಯೊಂದು ತುಣುಕಿನ ರಾಶಿಯನ್ನು ಅದರ ದೂರದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಬಂದದ್ದನ್ನು ಒಟ್ಟು ರಾಶಿಯಿಂದ ಭಾಗಿಸಿ. ಎರಡು ತುಣುಕು ಇರಲಿ, ಇನ್ನೂರು ಇರಲಿ, ಕ್ರಮ ಅದೇ. ಇದು ಒಂದು ಬಗೆಯ ಸರಾಸರಿ, ಆದರೆ ಎಲ್ಲರಿಗೂ ಸಮಾನ ಮತವಿರುವ ಸರಾಸರಿಯಲ್ಲ. ಹೆಚ್ಚು ರಾಶಿ ಇದ್ದ ಕಡೆಗೆ ಬಿಂದು ಹೆಚ್ಚು ಸರಿಯುತ್ತದೆ. ರಾಶಿಯನ್ನು ಮರೆತು 0 ಮತ್ತು 150ರ ಸರಾಸರಿ 75 ಎಂದು ಬರೆಯುವುದು ವಿದ್ಯಾರ್ಥಿಗಳು ಮಾಡುವ ಮೊದಲ ತಪ್ಪು.

ಎರಡನೆಯ ಸಂದೇಹವೂ ಸಹಜ: "ದೂರವನ್ನು ಎಲ್ಲಿಂದ ಅಳೆಯಬೇಕು?" ಎಲ್ಲಿಂದ ಬೇಕಾದರೂ ಅಳೆಯಿರಿ, ಆದರೆ ಎಲ್ಲವನ್ನೂ ಅಲ್ಲಿಂದಲೇ ಅಳೆಯಿರಿ. ಹಗುರ ತುದಿಯಿಂದ ಅಳೆದರೆ 8 × 0, 12 × 150, ಒಟ್ಟು 1,800, ಭಾಗಿಸಿದರೆ 90. ಹಗುರ ತುದಿಯಿಂದ 90 ಎಂದರೂ ಭಾರದ ತುದಿಯಿಂದ 60 ಎಂದರೂ ಕೋಲಿನ ಮೇಲಿನ ಜಾಗ ಒಂದೇ. ಅಳತೆ ಶುರು ಮಾಡುವ ಜಾಗ ನಮ್ಮ ಅನುಕೂಲ, ಕೇಂದ್ರ ವಸ್ತುವಿನದು.

ಇದೇ ಲೆಕ್ಕ ಆಕಾಶಕ್ಕೂ ಸಲ್ಲುತ್ತದೆ. ಭೂಮಿಯ ರಾಶಿ ಚಂದ್ರನದಕ್ಕಿಂತ ಸುಮಾರು 81 ಪಟ್ಟು. ಇವೆರಡರ ನಡುವಿನ ಸರಾಸರಿ ದೂರ ಸುಮಾರು 3,84,400 ಕಿಲೋಮೀಟರ್. ಭೂಮಿಯ ನಡುವಿನಿಂದ ಅಳೆದರೆ 81 × 0, 1 × 3,84,400. ಇದನ್ನು 82ರಿಂದ ಭಾಗಿಸಿದಾಗ ಸುಮಾರು 4,700 ಕಿಲೋಮೀಟರ್. ಭೂಮಿಯ ತ್ರಿಜ್ಯ ಸುಮಾರು 6,370 ಕಿಲೋಮೀಟರ್ ಆದ್ದರಿಂದ ಈ ಜೋಡಿಯ ಕೇಂದ್ರ ನಮ್ಮ ಕಾಲ ಕೆಳಗೆ, ಭೂಮಿಯ ಒಳಗೇ ಇದೆ. ಚಂದ್ರ ಭೂಮಿಯನ್ನು ಸುತ್ತುತ್ತದೆ ಎನ್ನುತ್ತೇವೆ. ನಿಜವಾಗಿ ಎರಡೂ ಈ ಬಿಂದುವನ್ನು ಸುತ್ತುತ್ತವೆ. ಕಮಲಾಪುರದ ಕೋಲಿಗೆ ಹಾಕಿದ ಲೆಕ್ಕವೇ ಇದು, ಅಂಕಿಗಳು ಮಾತ್ರ ದೊಡ್ಡವು.

ರೊಟ್ಟಿಯಿಂದ ಒಂದು ಪಾಠ

ದುಂಡನೆಯ, ಎಲ್ಲೆಡೆ ಒಂದೇ ದಪ್ಪದ ಜೋಳದ ರೊಟ್ಟಿಯ ಕೇಂದ್ರ ಎಲ್ಲಿ? ಸರಿಯಾಗಿ ನಡುವೆ. ಅದಕ್ಕೆ ಲೆಕ್ಕ ಬೇಡ; ಎಲ್ಲ ದಿಕ್ಕಿಗೂ ಒಂದೇ ರೂಪವಿದ್ದರೆ ಕೇಂದ್ರ ನಡುವೆಯೇ ಇರಬೇಕು. ಈಗ 24 ಸೆಂ.ಮೀ. ಅಡ್ಡಳತೆಯ ರೊಟ್ಟಿಯಿಂದ ಮಗು ಒಂದು ಡಬ್ಬಿಯ ಮುಚ್ಚಳವನ್ನು ಅಂಚಿಗೆ ತಾಗಿಸಿ ಒತ್ತಿ 12 ಸೆಂ.ಮೀ. ಅಡ್ಡಳತೆಯ ದುಂಡು ತುಂಡನ್ನು ತೆಗೆದುಕೊಂಡಿತು ಅನ್ನಿ. ಉಳಿದ ರೊಟ್ಟಿಯ ಕೇಂದ್ರ ಎಲ್ಲಿಗೆ ಹೋಯಿತು?

ಉಳಿದ ಆಕಾರ ವಕ್ರವಾಗಿದೆ, ತುಣುಕು ತುಣುಕಾಗಿ ಅಳೆಯುವುದು ಕಷ್ಟ. ಸುಲಭದ ದಾರಿ ಎಂದರೆ, ಹೋದದ್ದನ್ನು ಕಳೆಯುವುದು. ಅಡ್ಡಳತೆ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಇಡೀ ರೊಟ್ಟಿ 4 ಪಾಲು, ಹೋದದ್ದು 1 ಪಾಲು, ಉಳಿದದ್ದು 3 ಪಾಲು. ಇಡೀ ರೊಟ್ಟಿಯ ನಡುವಿನಿಂದ ಅಳೆಯೋಣ. ಇಡೀ ರೊಟ್ಟಿಯದು 4 × 0. ಹೋದ ತುಂಡಿನ ಕೇಂದ್ರ ನಡುವಿನಿಂದ 6 ಸೆಂ.ಮೀ. ದೂರದಲ್ಲಿತ್ತು; ಅದರದು 1 × 6, ಅದನ್ನು ಕಳೆಯಬೇಕು. ಸೊನ್ನೆಯಲ್ಲಿ ಆರು ಕಳೆದರೆ ಋಣ 6. 3ರಿಂದ ಭಾಗಿಸಿದರೆ ಋಣ 2. ಅಂದರೆ ಕೇಂದ್ರ ತುಂಡು ಹೋದ ಕಡೆಯಿಂದ ಎದುರು ಕಡೆಗೆ 2 ಸೆಂ.ಮೀ. ಸರಿದಿದೆ. ಗಟ್ಟಿ ರಟ್ಟಿನಲ್ಲಿ ಈ ಆಕಾರ ಕತ್ತರಿಸಿ ಬೆರಳ ತುದಿಯಲ್ಲಿ ನಿಲ್ಲಿಸಿ ನೋಡಿ. ಉತ್ತರ ಸರಿಯೇ ತಪ್ಪೇ ಎಂದು ಬೆರಳೇ ಹೇಳುತ್ತದೆ.

ಇನ್ನೊಂದು ಮಾತು. ಕೇಂದ್ರ ಇರುವಲ್ಲಿ ವಸ್ತು ಇರಲೇಬೇಕೆಂದಿಲ್ಲ. ಬಳೆಯ ಕೇಂದ್ರ ಅದರ ನಡುವಿನ ಬರಿ ಜಾಗದಲ್ಲಿದೆ. ಅಲ್ಲಿ ಗಾಜಿಲ್ಲ, ಆದರೂ ಲೆಕ್ಕಕ್ಕೆ ಬಳೆಯ ರಾಶಿಯೆಲ್ಲ ಅಲ್ಲಿಯೇ ಕೂಡಿದಂತೆ.

ಲೆಕ್ಕ ಹಾಕಲಾಗದ ಆಕಾರಗಳೂ ಇವೆ. ಬಾಳೆಗೊನೆಯನ್ನೇ ನೋಡಿ: ಮೇಲಿನ ಚಿಪ್ಪುಗಳು ದೊಡ್ಡವು, ಕೆಳಗಿನವು ಸಣ್ಣವು, ದಿಂಡು ಡೊಂಕು. ಇಂಥವಕ್ಕೆ ತೂಗುಹಾಕುವ ಉಪಾಯವಿದೆ. ವಸ್ತುವನ್ನು ಒಂದು ಜಾಗದಿಂದ ಸಡಿಲವಾಗಿ ತೂಗುಹಾಕಿ. ಅದೇ ಮೊಳೆಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ, ಗೋಡೆ ಕಟ್ಟುವ ಗೌಂಡಿಗಳು ಬಿಡುವ ಹಾಗೆ. ತೂಗಾಟ ನಿಂತ ಮೇಲೆ ಕೇಂದ್ರ ಆ ದಾರದ ನೇರದಲ್ಲೇ ಎಲ್ಲೋ ಇರುತ್ತದೆ. ಗೆರೆ ಗುರುತು ಮಾಡಿ. ಆಮೇಲೆ ಬೇರೆ ಜಾಗದಿಂದ ತೂಗುಹಾಕಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಕೂಡುವಲ್ಲಿ ಕೇಂದ್ರ. ಮಕ್ಕಳು ಕಲಬುರಗಿ ಜಿಲ್ಲೆಯ ನಕ್ಷೆಯನ್ನು ರಟ್ಟಿಗೆ ಅಂಟಿಸಿ, ಗಡಿಯಂತೆ ಕತ್ತರಿಸಿ, ಹೀಗೆ ಮಾಡಿ ನೋಡಬಹುದು. ಮೂರನೆಯ ಗೆರೆಯೂ ಅದೇ ಬಿಂದುವಿನ ಮೂಲಕ ಹೋದರೆ ಕೆಲಸ ಸರಿಯಾಗಿದೆ ಎಂದು ತಿಳಿಯಿರಿ.

ತೂಕವಿಲ್ಲದಲ್ಲಿಯೂ

ಇದನ್ನು ಗುರುತ್ವ ಕೇಂದ್ರ ಎಂದೂ ಕರೆಯುವುದನ್ನು ನೀವು ಕೇಳಿರಬಹುದು. ನಮ್ಮ ಸುತ್ತಲಿನ ವಸ್ತುಗಳ ಮಟ್ಟಿಗೆ ಎರಡೂ ಒಂದೇ ಬಿಂದು, ಏಕೆಂದರೆ ಅವುಗಳ ಎಲ್ಲ ಭಾಗವನ್ನೂ ಭೂಮಿ ಒಂದೇ ಪ್ರಮಾಣದಲ್ಲಿ ಸೆಳೆಯುತ್ತದೆ. ಆದರೆ ದ್ರವ್ಯರಾಶಿ ಕೇಂದ್ರ ಎಂಬ ಹೆಸರು ಹೆಚ್ಚು ವ್ಯಾಪಕ. ತೂಕವೇ ಅನುಭವಕ್ಕೆ ಬಾರದ ಕಡೆಯೂ ಅದು ಇರುತ್ತದೆ. ನಮ್ಮ ಸೀಮೆಯ ಹಿರಿಯರಿಗೆ ಒಂದು ಉಪಗ್ರಹ ನೆನಪಿರಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಟಿ.ವಿ. ಕಂಡವು. ಅವುಗಳಲ್ಲಿ ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕಾರ್ಯಕ್ರಮಗಳನ್ನು ಇಳಿಸಿದ್ದು ಅಮೆರಿಕದ ಎ.ಟಿ.ಎಸ್.-6 ಉಪಗ್ರಹ. ಅದರ ಛತ್ರಿಯಂಥ ಆಂಟೆನಾದ ಅಡ್ಡಳತೆಯೇ ಸುಮಾರು 9 ಮೀಟರ್. ಅಷ್ಟು ದೊಡ್ಡ ಛತ್ರಿಯನ್ನು ಭಾರತದ ಕಡೆಗೆ ಮುಖ ಮಾಡಿಸಿ ನಿಲ್ಲಿಸಬೇಕು. ಆಕಾಶದಲ್ಲಿ ಅದಕ್ಕೆ ಅಚ್ಚಿಲ್ಲ, ಆಧಾರವಿಲ್ಲ. ಉಪಗ್ರಹ ತಿರುಗುವುದಾದರೆ ತನ್ನ ದ್ರವ್ಯರಾಶಿ ಕೇಂದ್ರದ ಸುತ್ತಲೇ ತಿರುಗಬೇಕು. ಆ ಬಿಂದು ಎಲ್ಲಿದೆ ಎಂಬ ಲೆಕ್ಕ ಹಾಕದೆ ಯಾವ ಉಪಗ್ರಹವನ್ನೂ ಹಾರಿಸುವುದಿಲ್ಲ.

ಇದೇ ಸಂಗತಿಯನ್ನು ಜಾತ್ರೆಯಲ್ಲಿಯೂ ಕಾಣಬಹುದು. ತೇರಿನ ಕಡೆಗೆ ಭಕ್ತರು ಬಾಳೆಹಣ್ಣು ಎಸೆಯುತ್ತಾರಲ್ಲ, ಹಣ್ಣು ಗಿರಗಿರನೆ ಮಗುಚುತ್ತ ಹೋಗುತ್ತದೆ. ಅದರ ತೊಟ್ಟು, ತುದಿ ಎಲ್ಲೆಲ್ಲೋ ಸುತ್ತುತ್ತವೆ. ಆದರೆ ಅದರ ದ್ರವ್ಯರಾಶಿ ಕೇಂದ್ರ, ಎಸೆದ ಕಲ್ಲಿನ ಹಾಗೆ, ಬಾಗಿದ ನುಣುಪು ದಾರಿಯಲ್ಲಿ ಸಾಗುತ್ತದೆ.

ನಿಲ್ಲುವುದು, ಬೀಳುವುದು

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಒಂದು ವಸ್ತು ಯಾವಾಗ ನಿಲ್ಲುತ್ತದೆ, ಯಾವಾಗ ಉರುಳುತ್ತದೆ? ಅದರ ಕೇಂದ್ರದಿಂದ ನೇರ ಕೆಳಕ್ಕೆ ಒಂದು ದಾರ ಇಳಿಬಿಟ್ಟಂತೆ ಭಾವಿಸಿ. ದಾರ ವಸ್ತುವಿನ ಪಾದದ ಒಳಗೆ ನೆಲ ಮುಟ್ಟಿದರೆ ವಸ್ತು ನಿಲ್ಲುತ್ತದೆ. ಪಾದದ ಹೊರಗೆ ಬಿದ್ದರೆ ಉರುಳುತ್ತದೆ.

ಕಮಲಾಪುರದ ತೋಟದಲ್ಲಿ ಗೊನೆ ಬಿಟ್ಟ ಬಾಳೆಗೆ ಕವೆಗೋಲಿನ ಆಸರೆ ಕೊಟ್ಟಿರುವುದನ್ನು ನೋಡುತ್ತೇವೆ. ಗೊನೆ ಬರುವ ಮೊದಲು ಗಿಡದ ಕೇಂದ್ರ ಬುಡದ ಮೇಲೆಯೇ ಇರುತ್ತದೆ. ಗೊನೆ ಬಲಿತಂತೆ ಎತ್ತರದಲ್ಲಿ, ಒಂದೇ ಮಗ್ಗುಲಿಗೆ ಭಾರ ಬೆಳೆಯುತ್ತದೆ. ಕೇಂದ್ರ ಆ ಮಗ್ಗುಲಿಗೆ ಸರಿದು ಬುಡದ ಹೊರಗೆ ಹೋಗುತ್ತದೆ. ಬೇರು ಸ್ವಲ್ಪ ಕಾಲ ಹಿಡಿದಿಡುತ್ತದೆ. ಗಾಳಿ ಬೀಸಿದರೆ ಸೋಲುತ್ತದೆ. ಕವೆಗೋಲು ಕೊಟ್ಟರೆ ಪಾದ ಅಗಲವಾದಂತೆ ಆಯಿತು: ಬುಡದಿಂದ ಕೋಲಿನ ಕಾಲಿನವರೆಗೆ. ದಾರ ಮತ್ತೆ ಪಾದದ ಒಳಗೆ ಬಿತ್ತು. ರೈತ ಕೇಂದ್ರವನ್ನು ಸರಿಸಲಿಲ್ಲ, ಪಾದವನ್ನು ಸರಿಸಿದ.

ತೇರು ಮಾಡುವವರು ಬೇರೆ ದಾರಿ ಹಿಡಿದರು. ಕಲಬುರಗಿಯಲ್ಲಿ ಹೋಳಿಯ ಬಳಿಕ ಶರಣಬಸವೇಶ್ವರರ ಜಾತ್ರೆಯಲ್ಲಿ ಸಾವಿರಾರು ಜನರ ನಡುವೆ ಎತ್ತರದ ತೇರು ಸಾಗುತ್ತದೆ. ನಮ್ಮ ಸೀಮೆಯ ತೇರುಗಳನ್ನು ಗಮನಿಸಿ ನೋಡಿ. ಕೆಳಗೆ ದಪ್ಪ ಗಾಲಿ, ದಪ್ಪ ತೊಲೆ; ಮೇಲೆ ಹೋದಂತೆ ಹಗುರ ಚೌಕಟ್ಟು, ಬಟ್ಟೆ, ಹೂವು. ನೋಡಲು ಮುಗಿಲೆತ್ತರ, ಆದರೆ ರಾಶಿಯೆಲ್ಲ ನೆಲದ ಹತ್ತಿರ. ಕೇಂದ್ರ ತಗ್ಗಿನಲ್ಲಿದ್ದರೆ ತೇರು ಒಂದಿಷ್ಟು ವಾಲಿದರೂ ದಾರ ಗಾಲಿಗಳ ಒಳಗೇ ಇರುತ್ತದೆ.

ಟ್ರಾಲಿಯ ಲೆಕ್ಕ

ಆದರೆ ಜಾತ್ರೆಗೆ ಜನ ಬರುವ ಟ್ರ್ಯಾಕ್ಟರ್ ಟ್ರಾಲಿಗಳನ್ನು ಯಾರೂ ಹೀಗೆ ಯೋಚಿಸಿ ತುಂಬುವುದಿಲ್ಲ. ಚಾಲಕರ ಮಾತು ಕೇಳಿದ ರಾತ್ರಿ ನಾನು ಮನೆಯಲ್ಲಿ ಕೂತು ಹಾಕಿದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಅಂಕಿಗಳು ಉದಾಹರಣೆಗೆಂದು ತೆಗೆದುಕೊಂಡವು. ನಿಮ್ಮ ಟ್ರಾಲಿಯನ್ನು ಅಳೆದು ನಿಮ್ಮ ಅಂಕಿ ಹಾಕಿಕೊಳ್ಳಬಹುದು.

ಖಾಲಿ ಟ್ರಾಲಿಯ ರಾಶಿ 1,200 ಕಿಲೋ, ಅದರ ಕೇಂದ್ರ ನೆಲದಿಂದ 0.8 ಮೀಟರ್ ಎತ್ತರ. ನೆಹರು ಗಂಜಿಗೆ ಒಯ್ಯಲು 50 ಕಿಲೋದ 60 ತೊಗರಿ ಚೀಲ, ಅಂದರೆ 3,000 ಕಿಲೋ. ಹರಡಿ ಜೋಡಿಸಿದ ಚೀಲಗಳ ಕೇಂದ್ರ 1.5 ಮೀಟರ್ ಎತ್ತರ. ಎಡಗಾಲಿಯಿಂದ ಬಲಗಾಲಿಗೆ ದೂರ 1.6 ಮೀಟರ್, ಅಂದರೆ ನಡುವಿನಿಂದ ಒಂದೊಂದು ಕಡೆಗೆ 0.8 ಮೀಟರ್.

ಮೊದಲು ಎತ್ತರದ ಲೆಕ್ಕ. 1,200 × 0.8 = 960. 3,000 × 1.5 = 4,500. ಕೂಡಿದರೆ 5,460. ಒಟ್ಟು ರಾಶಿ 4,200ರಿಂದ ಭಾಗಿಸಿದರೆ 1.3 ಮೀಟರ್. ಇದು ತುಂಬಿದ ಟ್ರಾಲಿಯ ಕೇಂದ್ರದ ಎತ್ತರ.

ಎಷ್ಟು ವಾಲಿದರೆ ಉರುಳುತ್ತದೆ? ಹಾಳೆಯ ಮೇಲೆ 13 ಸೆಂ.ಮೀ. ನೇರ ಗೆರೆ ಎಳೆದು, ಅದರ ಬುಡದಿಂದ ಮಟ್ಟಸವಾಗಿ 8 ಸೆಂ.ಮೀ. ಎಳೆಯಿರಿ. ಒಂದನೆಯದು ಕೇಂದ್ರದ ಎತ್ತರ, ಎರಡನೆಯದು ಗಾಲಿಯ ದೂರ. ತುದಿಗಳನ್ನು ಕೂಡಿಸಿ, ಮೇಲಿನ ಮೂಲೆಯ ಕೋನವನ್ನು ಅಳೆಯಿರಿ. ಸುಮಾರು 31.6 ಡಿಗ್ರಿ. ತ್ರಿಕೋನಮಿತಿ ಓದಿದವರು 0.8ನ್ನು 1.3ರಿಂದ ಭಾಗಿಸಿ ಟ್ಯಾನ್ ಕೋಷ್ಟಕ ನೋಡಿದರೆ ಇದೇ ಉತ್ತರ. ಟ್ರಾಲಿ ಇಷ್ಟು ಡಿಗ್ರಿ ವಾಲುವವರೆಗೆ ದಾರ ಗಾಲಿಯ ಒಳಗಿರುತ್ತದೆ.

ಈಗ ಚೀಲಗಳ ಮೇಲೆ ಜಾತ್ರೆಗೆ ಹೊರಟ 20 ಜನ ಹತ್ತಿದರು. ಮಕ್ಕಳೂ ಸೇರಿ ಸರಾಸರಿ 50 ಕಿಲೋ ಎಂದರೆ 1,000 ಕಿಲೋ. ಕೆಲವರು ಕೂತಿದ್ದಾರೆ, ಕೆಲವರು ನಿಂತಿದ್ದಾರೆ. ಅವರ ಕೇಂದ್ರ 2.6 ಮೀಟರ್ ಎತ್ತರ. 1,000 × 2.6 = 2,600. ಮೊದಲಿನ 5,460ಕ್ಕೆ ಇದನ್ನು ಕೂಡಿದರೆ 8,060. ಒಟ್ಟು ರಾಶಿ ಈಗ 5,200. ಭಾಗಿಸಿದರೆ 1.55 ಮೀಟರ್. ಕೇಂದ್ರ 25 ಸೆಂ.ಮೀ. ಮೇಲೇರಿತು. ಹಾಳೆಯ ಮೇಲೆ 15.5 ಮತ್ತು 8 ಎಳೆದು ಅಳೆದರೆ 27.3 ಡಿಗ್ರಿ.

ನಾಲ್ಕು ಡಿಗ್ರಿ ಕಡಿಮೆಯಾಯಿತು, ಅಷ್ಟೇ ತಾನೇ ಎಂದು ನನಗೂ ಮೊದಲು ಅನ್ನಿಸಿತು. ಆದರೆ ಟ್ರಾಲಿ ಅಂಗಳದಲ್ಲಿ ನಿಂತಿಲ್ಲ, ರಸ್ತೆಯ ಮೇಲೆ ಓಡುತ್ತಿದೆ. ಬಲಕ್ಕೆ ತಿರುಗುವ ಒಂದು ತಿರುವು ಬಂತು ಅನ್ನಿ. ತಿರುವಿನ ತ್ರಿಜ್ಯ 20 ಮೀಟರ್, ವೇಗ ಗಂಟೆಗೆ 25 ಕಿಲೋಮೀಟರ್ ಮಾತ್ರ, ಅಂದರೆ ಸೆಕೆಂಡಿಗೆ ಸುಮಾರು 6.94 ಮೀಟರ್. ವೇಗವನ್ನು ವೇಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ 2.41. ಭೂಮಿಯ ಸೆಳೆತದ ಅಂಕಿ 9.8. ಅಂದರೆ ತೂಕದ ಸುಮಾರು ಕಾಲು ಭಾಗದಷ್ಟು ಬಲ ಟ್ರಾಲಿಯನ್ನು ಎಡಕ್ಕೆ ತಳ್ಳಿದ ಹಾಗೆ. ಬಸ್ಸು ತಿರುಗುವಾಗ ನಾವು ಹೊರಕ್ಕೆ ವಾಲುವುದು ಇದರಿಂದಲೇ. ಕೇಂದ್ರದಿಂದ ಇಳಿಬಿಟ್ಟ ದಾರ ಆಗ ನೇರ ಬೀಳುವುದಿಲ್ಲ, ಎಡಕ್ಕೆ 13.8 ಡಿಗ್ರಿ ಓರೆಯಾಗುತ್ತದೆ. ಉರುಳುವ ಲೆಕ್ಕಕ್ಕೆ ಇದು ಟ್ರಾಲಿಯೇ ಅಷ್ಟು ವಾಲಿದಂತೆ.

ಅದೇ ಹೊತ್ತಿಗೆ ಎದುರಿನಿಂದ ಬಸ್ಸು ಬಂತು. ಟ್ರ್ಯಾಕ್ಟರ್ ಎಡಕ್ಕೆ ಸರಿಯಿತು. ಟ್ರಾಲಿಯ ಎಡಗಾಲಿ ಡಾಂಬರು ಬಿಟ್ಟು 30 ಸೆಂ.ಮೀ. ತಗ್ಗಿಗೆ ಇಳಿಯಿತು. 1.6 ಮೀಟರ್ ಅಗಲಕ್ಕೆ 0.3 ಮೀಟರ್ ತಗ್ಗು ಎಂದರೆ 10.8 ಡಿಗ್ರಿ ವಾಲಿಕೆ. ಎರಡನ್ನೂ ಕೂಡಿ: 13.8 ಮತ್ತು 10.8, ಒಟ್ಟು 24.6 ಡಿಗ್ರಿ. ಚೀಲ ಮಾತ್ರ ಇದ್ದ ಟ್ರಾಲಿಗೆ ಇನ್ನೂ 7 ಡಿಗ್ರಿ ಉಳಿದಿದೆ. ಜನ ಹತ್ತಿದ ಟ್ರಾಲಿಗೆ ಉಳಿದಿರುವುದು 2.7 ಡಿಗ್ರಿ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಚೀಲ ಅಲುಗದೆ ಇರಬಹುದು, ಜನ ಅಲುಗುತ್ತಾರೆ. ತಿರುವಿನಲ್ಲಿ ಎಲ್ಲರೂ ಎಡಕ್ಕೆ ಜಾರುತ್ತಾರೆ. ಸರಾಸರಿ 60 ಸೆಂ.ಮೀ. ಜಾರಿದರು ಎಂದರೆ 1,000 × 0.6 = 600; ಒಟ್ಟು ರಾಶಿ 5,200ರಿಂದ ಭಾಗಿಸಿದರೆ ಸುಮಾರು 0.115 ಮೀಟರ್. ಇಡೀ ಟ್ರಾಲಿಯ ಕೇಂದ್ರ ಎಡಗಾಲಿಯ ಕಡೆಗೆ ಹನ್ನೊಂದೂವರೆ ಸೆಂ.ಮೀ. ಸರಿಯಿತು. ಎಡಗಾಲಿಗೆ ಉಳಿದ ದೂರ 0.8 ಅಲ್ಲ, 0.685 ಮೀಟರ್. ಇದನ್ನು 1.55ರಿಂದ ಭಾಗಿಸಿ ಕೋನ ನೋಡಿದರೆ 23.8 ಡಿಗ್ರಿ. ಆಗಿರುವ ವಾಲಿಕೆ 24.6. ಟ್ರಾಲಿ ಪಲ್ಟಿ.

ಗಮನಿಸಿ, ಇಲ್ಲಿ ಯಾರೂ ಅತಿವೇಗದಲ್ಲಿ ಓಡಿಸಲಿಲ್ಲ. ಯಾವ ಒಂದು ಕಾರಣವೂ ತಾನೊಂದೇ ಟ್ರಾಲಿಯನ್ನು ಕೆಡವುವಷ್ಟು ದೊಡ್ಡದಲ್ಲ. ಎತ್ತರ ನಾಲ್ಕು ಡಿಗ್ರಿ ತಿಂದಿತು, ತಿರುವು ಹದಿನಾಲ್ಕು ತಿಂದಿತು, ತಗ್ಗು ಹನ್ನೊಂದು ತಿಂದಿತು, ಜನರ ಜಾರಾಟ ಮೂರೂವರೆ ತಿಂದಿತು. ಪ್ರತಿಸಲ ಸುಖವಾಗಿ ಊರು ಮುಟ್ಟಿದವರಿಗೆ "ಏನೂ ಆಗೋದಿಲ್ಲ" ಎಂಬ ಧೈರ್ಯ ಬಂದಿರುತ್ತದೆ. ಅವರ ಅನುಭವ ಸುಳ್ಳಲ್ಲ; ಮೂರು ಕಾರಣ ಕೂಡಿದ ದಿನ ಅವರು ಪಾರಾಗಿದ್ದಾರೆ. ನಾಲ್ಕೂ ಕೂಡಿದ ದಿನ ಇನ್ನೂ ಬಂದಿಲ್ಲ. ಎಷ್ಟು ಉಳಿದಿದೆ ಎಂಬುದನ್ನು ಅನುಭವ ತೋರಿಸುವುದಿಲ್ಲ, ಲೆಕ್ಕ ತೋರಿಸುತ್ತದೆ. ಅದೂ ನಮ್ಮ ಲೆಕ್ಕ ಉದಾರವಾದದ್ದು. ಟೈರು ಒಂದು ಕಡೆ ಅಮುಕಿಕೊಳ್ಳುವುದು, ಪಟ್ಟಿ ಬಾಗುವುದು, ದಾರಿಯ ಕುಲುಕಾಟ, ಇವನ್ನು ನಾವು ಹಿಡಿದೇ ಇಲ್ಲ. ನಿಜವಾದ ಟ್ರಾಲಿ ಈ ಅಂಕಿಗಳಿಗಿಂತ ಮೊದಲೇ ಉರುಳುತ್ತದೆ.

ಮಾಡಬೇಕಾದದ್ದೇನು ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಭಾರದ ಸಾಮಾನು ಕೆಳಗೆ, ಹಗುರದ್ದು ಮೇಲೆ: ಎತ್ತರದ ಅಂಕಿ ತಗ್ಗುತ್ತದೆ. ಎಡ ಬಲ ಎರಡೂ ಕಡೆ ಸಮನಾಗಿ ಹರಡಿ ಹಗ್ಗದಿಂದ ಬಿಗಿಯುವುದು: ಕೇಂದ್ರ ನಡುವೆ ಉಳಿಯುತ್ತದೆ, ಜಾರುವುದಿಲ್ಲ. ತಿರುವಿನ ಮೊದಲೇ ವೇಗ ಇಳಿಸುವುದು: ವೇಗ ಅರ್ಧವಾದರೆ ಹೊರಗೆ ತಳ್ಳುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಕಿನ ಮೇಲೆ ಜನರನ್ನು ಹತ್ತಿಸದಿರುವುದು. ಸರಕಿನ ವಾಹನದಲ್ಲಿ ಹೀಗೆ ಜನರನ್ನು ಸಾಗಿಸಲು ಮೋಟಾರು ವಾಹನ ಕಾನೂನು ಒಪ್ಪುವುದಿಲ್ಲ. ಕಾನೂನಿನ ಮಾತು ಕೆಲವರಿಗೆ ಪೊಲೀಸರ ಕಾಟದಂತೆ ಕೇಳಿಸಬಹುದು. ಅದರ ಹಿಂದಿನ ಲೆಕ್ಕವನ್ನು ನೀವೇ ಹಾಕಿ ನೋಡಿದ್ದೀರಿ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಈ ಪಾಠವನ್ನು ಮಾಡುವಾಗ ಪುಸ್ತಕದ ಎರಡು ಗುಂಡುಗಳ ಚಿತ್ರದ ಜೊತೆಗೆ ಮಕ್ಕಳಿಗೆ ಅಳತೆ ಪಟ್ಟಿ ಕೊಟ್ಟು ಊರಿನ ಟ್ರಾಲಿಯ ಗಾಲಿಗಳ ದೂರ, ಹಲಗೆಯ ಎತ್ತರ ಅಳೆದು ಬರಲು ಹೇಳಿ. ಮನೆಯಲ್ಲಿ ಟ್ರಾಲಿ ಓಡಿಸುವ ಅಪ್ಪ, ಕಾಕಾ, ಅಣ್ಣ ಇರುವ ಮಕ್ಕಳು ಆ ಹಾಳೆಯನ್ನು ಮನೆಗೆ ಒಯ್ಯುತ್ತಾರೆ. ನಮ್ಮ ಕಾರ್ಯಕ್ರಮ ತಲುಪದ ಕಡೆ ಆ ಹಾಳೆ ತಲುಪುತ್ತದೆ.

ಈ ಲೆಕ್ಕವನ್ನು ನಾನು ಮೊದಲು ತೋರಿಸಿದ್ದು ನಮ್ಮ ಚಾಲಕರಿಗೆ. ಅವರು ಹಾಳೆಯನ್ನು ನಿಧಾನವಾಗಿ ನೋಡಿ, 27.3 ಎಂದು ಬರೆದಿದ್ದ ಕಡೆ ಬೆರಳಿಟ್ಟು ಕೇಳಿದರು:

"ಇದು ತಗ್ಗಿಗೆ ಇಳಿಯೂ ಮೊದಲಿಂದೇನ್ರಿ?"

ಹೌದೆಂದೆ.

"ಹಂಗಾದ್ರ ಭಾಳ ಕಮ್ಮಿ ಅದ," ಎಂದರು.

ಮುಂದಿನ ಸಲ ಕಮಲಾಪುರಕ್ಕೆ ಹೊರಟಾಗ ಬ್ಯಾಟರಿ ಪೆಟ್ಟಿಗೆಯನ್ನು ನಾನೇ ಸೀಟಿನ ಕೆಳಗೆ ತಳ್ಳಿದೆ. ಕ್ಯಾರಿಯರ್ ಮೇಲೆ ಒಂದು ಛತ್ರಿ, ಎರಡು ಖಾಲಿ ಬುಟ್ಟಿ ಮಾತ್ರ ಇದ್ದವು.